ಮನ್ನಣೆ ಮತ್ತು ಮನ್ನಿಸುವಿಕೆ: ಕ್ರೈಸ್ತ ಪಂಥಭೇದ ಹಾಗೂ ಹಾವೇರಿ ಸೀಮೆಯ ಜನಪದ ನಂಬಿಕೆ

ಕನ್ನಡದಲ್ಲಿ ‘ಮನ್ನಿಸು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಗೌರವಿಸು ಎಂಬುದು ಒಂದು, ಕ್ಷಮಿಸು ಎಂಬುದು ಇನ್ನೊಂದು. ಮೊದಲ ಅರ್ಥ ‘ಮನ್ನಣೆ’ ಎಂಬ ನಾಮಪದದಲ್ಲಿ ಉಳಿದುಕೊಂಡಿದೆ. ಎರಡನೆಯದು ‘ತಪ್ಪನ್ನು ಮನ್ನಿಸಿ’ ಎಂಬ ನಿತ್ಯದ ಮಾತಿನಲ್ಲಿ ಬಳಕೆಯಲ್ಲಿದೆ. ಕಥೋಲಿಕರಿಗೂ ಇತರ ಕ್ರೈಸ್ತರಿಗೂ ನಡುವೆ ನಾಲ್ಕೈದು ಶತಮಾನಗಳಿಂದ ನಡೆದುಬಂದಿರುವ ವಾದಗಳಲ್ಲಿ ಪ್ರಮುಖವಾದ ಎರಡು ಈ ಒಂದೇ ಪದದ ಎರಡು ಅರ್ಥಗಳಿಗೆ ಸಂಬಂಧಿಸಿವೆ. ಯಾರನ್ನು ಮನ್ನಿಸಬೇಕು, ಯಾರು ಮನ್ನಿಸಬಲ್ಲರು ಎಂಬ ಈ ಎರಡು ಪ್ರಶ್ನೆಗಳು ಕರ್ನಾಟಕದಲ್ಲಿ ಹೇಗೆ ಎದುರಾದವು, ಹಾವೇರಿ ಸೀಮೆಯ ಜನಪದ ಆಚರಣೆಗಳ ಹಿನ್ನೆಲೆಯಲ್ಲಿ ಅವುಗಳನ್ನು ಹೇಗೆ ಅರಿಯಬಹುದು ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು 1997ರಲ್ಲಿ ರಚನೆಯಾದ ಹಾವೇರಿ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ಅದಕ್ಕೂ ಮೊದಲು ಇವು ಧಾರವಾಡ ಜಿಲ್ಲೆಯಲ್ಲಿದ್ದವು. ಬ್ರಿಟಿಷರ ಕಾಲದಲ್ಲಿ ಶಿಗ್ಗಾಂವಿ ಬಂಕಾಪುರ ತಾಲ್ಲೂಕಿನ, ಹಿರೇಕೆರೂರು ಕೋಡ ತಾಲ್ಲೂಕಿನ ಮುಖ್ಯ ಸ್ಥಳಗಳಾಗಿದ್ದವು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನವಾಗಿತ್ತು.

ವಾದದ ಮೂಲ

ಸಂತರ ಹಾಗೂ ಪ್ರತಿಮೆಗಳ ಮನ್ನಣೆಯ ಪ್ರಶ್ನೆ ಪ್ರಾಟೆಸ್ಟಂಟ್ ಸುಧಾರಣೆಗಿಂತ ಹಳೆಯದು. ಕ್ರಿ.ಶ. 787ರ ಎರಡನೆಯ ನೈಸಿಯಾ ಮಹಾಸಭೆಯು ದೇವರೊಬ್ಬನಿಗೇ ಸಲ್ಲುವ ಆರಾಧನೆಯನ್ನೂ ಪ್ರತಿಮೆಗಳಿಗೆ ಸಲ್ಲುವ ಗೌರವವನ್ನೂ ಬೇರ್ಪಡಿಸಿತು. ಪ್ರತಿಮೆಗೆ ಸಲ್ಲಿಸಿದ ಗೌರವ ಅದರ ಮೂಲವ್ಯಕ್ತಿಗೆ ತಲುಪುತ್ತದೆ ಎಂದಿತು. 1517ರಲ್ಲಿ ಮಾರ್ಟಿನ್ ಲೂಥರನು ಪಾಪದಂಡನೆಯ ವಿನಾಯಿತಿ ಪತ್ರಗಳ ಮಾರಾಟವನ್ನು ಪ್ರಶ್ನಿಸಿದಾಗ ಕ್ಷಮೆಯ ವಿಚಾರವೂ ವಿವಾದದ ಕೇಂದ್ರಕ್ಕೆ ಬಂದಿತು. ಟ್ರೆಂಟ್ ಮಹಾಸಭೆಯು 1551ರಲ್ಲಿ ಗುರುವಿನ ಮುಂದೆ ಮಾಡುವ ಪಾಪನಿವೇದನೆಯನ್ನೂ, 1563ರಲ್ಲಿ ಸಂತರ ಮತ್ತು ಪ್ರತಿಮೆಗಳ ಗೌರವವನ್ನೂ ಎತ್ತಿಹಿಡಿಯಿತು. ದೇವರಿಗೂ ಮನುಷ್ಯನಿಗೂ ನಡುವೆ ಕ್ರಿಸ್ತನೊಬ್ಬನೇ ಮಧ್ಯಸ್ಥನೆಂಬುದು ಪ್ರಾಟೆಸ್ಟಂಟರ ಉತ್ತರವಾಗಿತ್ತು. ಪಾಪಗಳನ್ನು ಕ್ಷಮಿಸುವ ಅಧಿಕಾರವನ್ನು ಕ್ರಿಸ್ತನು ತನ್ನ ಶಿಷ್ಯರಿಗೆ ಕೊಟ್ಟನೆಂಬ ಯೋಹಾನನ ಸುವಾರ್ತೆಯ ಮಾತನ್ನು ಕಥೋಲಿಕರು ಆಧಾರವಾಗಿ ತೋರಿಸಿದರು.

ಹತ್ತು ಆಜ್ಞೆಗಳ ಎಣಿಕೆಯಲ್ಲಿಯೂ ಈ ಭೇದ ಕಾಣುತ್ತದೆ. ವಿಗ್ರಹ ನಿಷೇಧವನ್ನು ಕಥೋಲಿಕರೂ ಲೂಥರನ್ನರೂ ಮೊದಲನೆಯ ಆಜ್ಞೆಯೊಳಗೆ ಸೇರಿಸುತ್ತಾರೆ. ಕ್ಯಾಲ್ವಿನ್ನನ ಪರಂಪರೆಯ ರಿಫಾರ್ಮ್ಡ್ ಸಭೆಯವರು ಅದನ್ನು ಪ್ರತ್ಯೇಕವಾದ ಎರಡನೆಯ ಆಜ್ಞೆಯೆಂದು ಎಣಿಸುತ್ತಾರೆ. ಧಾರವಾಡ ಸೀಮೆಗೆ ಬಂದ ಬಾಸೆಲ್ ಮಿಷನ್ನಿಗೆ ವೂರ್ಟೆಂಬರ್ಗಿನ ಲೂಥರನ್ನರೂ ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಸಭೆಯವರೂ ಬೆಂಬಲವಾಗಿದ್ದರೆಂಬುದನ್ನು ಗಮನಿಸಿದರೆ, ‘ಇತರ ಕ್ರೈಸ್ತರು’ ಎಂಬುದು ಏಕರೂಪದ ಗುಂಪಲ್ಲ ಎಂಬುದು ಸ್ಪಷ್ಟವಾಗುತ್ತದೆ.

ದುಬುವಾ ಎತ್ತಿದ ಪ್ರಶ್ನೆ

ಕನ್ನಡ ನಾಡಿನ ಅನುಭವದಿಂದ ಹುಟ್ಟಿ ಯೂರೋಪಿನಲ್ಲಿ ವಿವಾದವಾದ ಪ್ರಸಂಗವೆಂದರೆ ಅಬ್ಬೆ ದುಬುವಾನದು. ಫ್ರಾನ್ಸಿನ ಈ ಕಥೋಲಿಕ ಗುರು 1792ರಲ್ಲಿ ಭಾರತಕ್ಕೆ ಬಂದು, ತನ್ನ ಸೇವೆಯ ಬಹುಭಾಗವನ್ನು ಮೈಸೂರು ಸೀಮೆಯಲ್ಲಿ ಕಳೆದು, 1823ರಲ್ಲಿ ಸ್ವದೇಶಕ್ಕೆ ಮರಳಿದನು. ಅದೇ ವರ್ಷ ಭಾರತದ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಅವನ ಪತ್ರಗಳು ಲಂಡನ್ನಿನಲ್ಲಿ ಪ್ರಕಟವಾದವು. ಹಿಂದೂಗಳನ್ನು ಮತಾಂತರಿಸುವುದು ಅಸಾಧ್ಯವೆಂಬುದು ಅವನ ಮುಖ್ಯ ನಿಲುವು. ಕ್ರೈಸ್ತ ಆರಾಧನೆಯ ಯಾವುದಾದರೂ ಒಂದು ಕ್ರಮ ಇಲ್ಲಿಯ ಜನರ ಮನಸ್ಸನ್ನು ತಟ್ಟಬಹುದಾದರೆ ಅದು ಪ್ರಾಟೆಸ್ಟಂಟರು ವಿಗ್ರಹಾರಾಧನೆ ಎಂದು ಜರೆಯುವ ಕಥೋಲಿಕ ಕ್ರಮವೇ ಎಂದು ಅವನು ವಾದಿಸಿದನು. ಅದರಲ್ಲಿ ಪೂಜೆಯಿದೆ, ಮೆರವಣಿಗೆಯಿದೆ, ಪ್ರತಿಮೆಗಳಿವೆ, ತೀರ್ಥವಿದೆ, ಉಪವಾಸವಿದೆ, ಸತ್ತವರಿಗಾಗಿ ಪ್ರಾರ್ಥನೆಯಿದೆ, ಸಂತರ ಮೊರೆಯಿದೆ ಎಂದು ಅವನು ಪಟ್ಟಿಮಾಡುತ್ತಾನೆ. ಕಥೋಲಿಕರ ಬಲಿಪೂಜೆಯನ್ನು ಸ್ಥಳೀಯರು ‘ಪೂಜೆ’ ಎಂದೇ ಕರೆಯುತ್ತಿದ್ದುದನ್ನೂ ದಾಖಲಿಸಿದ್ದಾನೆ.

ಆದರೆ ಇದೇ ದುಬುವಾ ದೇಶೀಯ ಕ್ರೈಸ್ತರ ರಾತ್ರಿಯ ಮೆರವಣಿಗೆಗಳ ಆಡಂಬರ ತನಗೆ ನಾಚಿಕೆಯ ಸಂಗತಿಯಾಗಿತ್ತೆಂದೂ ಬರೆದಿದ್ದಾನೆ. ಸ್ಥಳೀಯ ಆಚರಣೆಗಳನ್ನು ಎಷ್ಟರಮಟ್ಟಿಗೆ ಒಪ್ಪಬಹುದೆಂಬ ವಿವಾದ ಕಥೋಲಿಕರೊಳಗೇ ನಡೆದಿತ್ತು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟನು ‘ಮಲಬಾರ್ ಆಚರಣೆ’ಗಳ ವಿರುದ್ಧ ಅಂತಿಮ ತೀರ್ಪನ್ನಿತ್ತಿದ್ದನು. ದುಬುವಾನಿಗೆ 1824ರಲ್ಲಿ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್‌ಲಿ ಎಂಬ ಪ್ರಾಟೆಸ್ಟಂಟರು ಪ್ರತ್ಯೇಕ ಗ್ರಂಥಗಳಲ್ಲಿ ಉತ್ತರಿಸಿದರು. ಕಥೋಲಿಕ ಕ್ರಮವು ಜನಪದಕ್ಕೆ ಹತ್ತಿರ, ಪ್ರಾಟೆಸ್ಟಂಟ್ ಕ್ರಮವು ದೂರ ಎಂಬ ಅಭಿಪ್ರಾಯ ಅಲ್ಲಿಂದ ಮುಂದೆ ಬಹುಮಟ್ಟಿಗೆ ಒಪ್ಪಿತವಾದಂತೆ ಕಾಣುತ್ತದೆ. ಈ ಅಭಿಪ್ರಾಯವನ್ನು ಹಾವೇರಿ ಸೀಮೆಯ ಆಚರಣೆಗಳೊಡನೆ ಹೋಲಿಸಿ ನೋಡಬೇಕಾಗಿದೆ.

ಮನ್ನಣೆಯ ನೆಲೆ

1833ರ ಚಾರ್ಟರ್ ಕಾಯಿದೆಯ ನಂತರ ಬ್ರಿಟಿಷೇತರ ಮಿಷನರಿಗಳಿಗೆ ಭಾರತದಲ್ಲಿ ಅವಕಾಶ ತೆರೆಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ಕೇಂದ್ರಗಳನ್ನು ತೆರೆದರು. ಹೀಗೆ ಹಾವೇರಿ ಸೀಮೆಯ ಉತ್ತರಕ್ಕೆ ಪ್ರತಿಮೆಯಿಲ್ಲದ, ವಾಕ್ಯಪ್ರಧಾನವಾದ ಕ್ರೈಸ್ತಮತವೊಂದು ನೆಲೆಗೊಂಡಿತು. ಎರಡು ಪಂಥಗಳ ಕನ್ನಡವೂ ಬೇರೆಯಾಯಿತು. ಕಥೋಲಿಕರ ‘ಬಲಿಪೂಜೆ’, ‘ಗುರು’, ‘ಜಪಸರ’, ‘ಸರ್ವೇಶ್ವರ’ ಎಂಬ ಪದಗಳಿಗೆ ಎದುರಾಗಿ ಪ್ರಾಟೆಸ್ಟಂಟರಲ್ಲಿ ‘ಕರ್ತನ ಭೋಜನ’, ‘ಸಭಾಪಾಲಕ’, ‘ದೇವರ ವಾಕ್ಯ’, ‘ಯೆಹೋವ’ ಎಂಬ ಪದಗಳು ಬಳಕೆಗೆ ಬಂದವು. ಮೊದಲ ವರ್ಗದ ಪದಗಳು ಬಹುಮಟ್ಟಿಗೆ ಮಠ ಮಂದಿರಗಳ ಪರಿಚಿತ ಪದಗಳೆಂಬುದು ಗಮನಾರ್ಹ.

ಪ್ರತಿಮೆಯ ಕುರಿತ ವಾದ ಈ ನೆಲಕ್ಕೆ ಹೊಸದಾಗಿರಲಿಲ್ಲ. ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಶಾಸನವು, ಏಕಾಂತದ ರಾಮಯ್ಯನು ಜೈನರೊಡನೆ ಪಣತೊಟ್ಟು ತನ್ನ ಶಿರವನ್ನರಿದುಕೊಂಡು ಮರಳಿ ಪಡೆದುದನ್ನೂ, ಜಿನಪ್ರತಿಮೆಯನ್ನು ಭಂಗಿಸಿದುದನ್ನೂ, ಬಿಜ್ಜಳನಿಂದ ಜಯಪತ್ರ ಪಡೆದುದನ್ನೂ ಹೇಳುತ್ತದೆ. ಸುಮಾರು ಕ್ರಿ.ಶ. 1200ರ ಈ ಶಾಸನದಲ್ಲಿ ಹಾನಗಲ್ಲಿನ ಕದಂಬ ದೊರೆ ಕಾಮದೇವನ ದತ್ತಿಯೂ ದಾಖಲಾಗಿದೆ. ಅಲ್ಲಿ ವಾದವಿದ್ದುದು ಯಾರ ಪ್ರತಿಮೆ ಎಂಬುದರ ಬಗೆಗೆ. ಪ್ರತಿಮೆಯೇ ಬೇಡವೆಂಬ ವಾದ ವಚನಕಾರರ ಸ್ಥಾವರ ವಿಮರ್ಶೆಯಲ್ಲಿ ಕಾಣಿಸಿಕೊಂಡಿತ್ತು. ಆದ್ದರಿಂದ ಪ್ರಾಟೆಸ್ಟಂಟರ ನಿಲುವನ್ನು ಈ ನಾಡಿಗೆ ಸಂಪೂರ್ಣ ಅಪರಿಚಿತವೆಂದು ಭಾವಿಸುವುದು ಸರಿಯಾಗಲಾರದು.

ಇಷ್ಟಾದರೂ ಜನಸಾಮಾನ್ಯರ ಆಚರಣೆಯಲ್ಲಿ ಮನ್ನಣೆಯ ಸ್ವರೂಪ ಬೇರೆಯೇ ಆಗಿದೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ ಸಂತ ಶರೀಫರ (1819–1889) ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂನ ಪಂಜಾಗಳನ್ನು ‘ದೇವರು’ ಎಂದೇ ಕರೆಯುವುದು ರೂಢಿ. ಮಠದ ಸ್ವಾಮಿಗಳಿಗೂ, ತಾಯಿತಂದೆಗಳಿಗೂ, ಊರ ದೇವತೆಗೂ ಕಾಲಿಗೆರಗುವ ಕ್ರಿಯೆ ಒಂದೇ. ಆರಾಧನೆ ಬೇರೆ, ಗೌರವ ಬೇರೆ ಎಂಬ ನೈಸಿಯಾದ ವಿಂಗಡಣೆಯನ್ನು ಇಲ್ಲಿ ದೇಹದ ಭಂಗಿಯಿಂದ ತಿಳಿಯಲಾಗದು. ಅದು ಎರಗುವವನ ಭಾವದಲ್ಲಿ ಮಾತ್ರ ಇರುತ್ತದೆ. ಕಥೋಲಿಕರಿಗೆ ಇದು ಅನುಕೂಲವಾಗಿ ಕಂಡಿತು. ಗುರುತಿಸಲಾಗದ ಭೇದವನ್ನು ಹೊಸದಾಗಿ ನಂಬಿದವನು ಹೇಗೆ ಉಳಿಸಿಕೊಂಡಾನು ಎಂಬುದು ಪ್ರಾಟೆಸ್ಟಂಟರ ಆತಂಕವಾಗಿತ್ತು. ಎರಡೂ ನಿಲುವುಗಳು ಒಂದೇ ವಾಸ್ತವಕ್ಕೆ ಕೊಟ್ಟ ಭಿನ್ನ ಉತ್ತರಗಳು. ಇಲ್ಲಿಯವರೆಗೆ ದುಬುವಾನ ಮಾತು ಸಮರ್ಥನೀಯವೆನಿಸುತ್ತದೆ.

ಕ್ಷಮೆಯ ನೆಲೆ

ಕ್ಷಮೆಯ ವಿಚಾರಕ್ಕೆ ಬಂದಾಗ ಚಿತ್ರ ತಿರುವುಮುರುವಾಗುತ್ತದೆ. ತಪ್ಪನ್ನು ‘ಹೊಟ್ಟೆಗೆ ಹಾಕಿಕೊಳ್ಳುವುದು’ ಎಂಬ ನುಡಿಗಟ್ಟು ಕ್ಷಮೆಯನ್ನು ತಾಯ್ತನದ ಗುಣವಾಗಿ ಕಾಣುತ್ತದೆ. ದೇವರಿಗೆ ತಪ್ಪಿ ನಡೆದವನು ‘ತಪ್ಪುಗಾಣಿಕೆ’ ಸಲ್ಲಿಸುತ್ತಾನೆ. ಮನುಷ್ಯರಿಗೆ ತಪ್ಪಿ ನಡೆದವನನ್ನು ಊರ ‘ದೈವ’ ವಿಚಾರಿಸುತ್ತದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ದೈವವೆಂದರೆ ಕೂಡಿದ ಊರ ಜನ, ಹಿರಿಯರ ಸಭೆ. ದೈವ ಕೂಡಿದಲ್ಲಿ ತಪ್ಪು ಒಪ್ಪಿಕೊಂಡು, ದಂಡ ತೆತ್ತು, ಹಿರಿಯರ ಕಾಲಿಗೆರಗಿದವನನ್ನು ಮತ್ತೆ ಪಂಕ್ತಿಗೆ ಸೇರಿಸಿಕೊಳ್ಳಲಾಗುತ್ತಿತ್ತು. ಒಪ್ಪದವನಿಗೆ ನೀರು, ಬೆಂಕಿ, ಹೆಣ್ಣು ಕೊಡುಕೊಳ್ಳುವಿಕೆ ನಿಲ್ಲುತ್ತಿದ್ದವು. ಜನರ ಕೂಟವನ್ನೇ ದೈವವೆಂದು ಕರೆದ ಭಾಷೆಯಲ್ಲಿ ಕ್ಷಮೆಯು ಬಹಿರಂಗವಾದುದು, ಸಾಮುದಾಯಿಕವಾದುದು. ಗುರುವಿನ ಕಿವಿಯಲ್ಲಿ ಗುಟ್ಟಾಗಿ ಹೇಳಿ ಮುಗಿಸುವ ಪಾಪನಿವೇದನೆಗೆ ಇದರಲ್ಲಿ ಹೋಲಿಕೆ ದೊರೆಯುವುದು ಕಷ್ಟ.

ಪ್ರಾಟೆಸ್ಟಂಟರು ಗುರುವಿನ ಮಧ್ಯಸ್ಥಿಕೆಯನ್ನು ನಿರಾಕರಿಸಿ ಕ್ಷಮೆಯನ್ನು ದೇವರ ಮತ್ತು ವಿಶ್ವಾಸಿಯ ನಡುವಿನ ವಿಷಯವಾಗಿಸಿದರು. ಆದರೆ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಕಟ್ಟುನಿಟ್ಟಾದ ಸಭಾಶಿಸ್ತು ಜಾರಿಯಲ್ಲಿತ್ತು. ತಪ್ಪಿತಸ್ಥನನ್ನು ಸಭೆಯ ಹಿರಿಯರು ವಿಚಾರಿಸುತ್ತಿದ್ದರು. ಅವನನ್ನು ಕರ್ತನ ಭೋಜನದಿಂದ ದೂರವಿಡಲಾಗುತ್ತಿತ್ತು. ಪಶ್ಚಾತ್ತಾಪಪಟ್ಟ ನಂತರ ಮರಳಿ ಸೇರಿಸಿಕೊಳ್ಳಲಾಗುತ್ತಿತ್ತು. ಮಂಗಳೂರಿನ ನೇಯ್ಗೆಯ (1851) ಮತ್ತು ಹೆಂಚಿನ (1865) ಕಾರ್ಖಾನೆಗಳಂತಹ ಉದ್ಯಮಗಳಲ್ಲಿ ಸಭೆಯ ಸದಸ್ಯರ ಜೀವನೋಪಾಯವೂ ಮಿಷನ್ನಿನೊಂದಿಗೆ ಬೆಸೆದುಕೊಂಡಿದ್ದುದರಿಂದ ಬಹಿಷ್ಕಾರದ ಭಯ ಸಣ್ಣದಾಗಿರಲಿಲ್ಲ. ಜಾತಿಯ ಪಂಕ್ತಿಯನ್ನು ಬಿಟ್ಟು ಬಂದವನಿಗೆ ಉಳಿದಿದ್ದುದು ಈ ಒಂದೇ ಪಂಕ್ತಿ. ತತ್ತ್ವದಲ್ಲಿ ಮಧ್ಯಸ್ಥರಿಲ್ಲದ ಕ್ಷಮೆಯು ಆಚರಣೆಯಲ್ಲಿ ದೈವದ ಕಟ್ಟೆಯನ್ನು ಹೋಲತೊಡಗಿತು.

ಇದಕ್ಕೆ ಪ್ರತಿಯಾಗಿ ಗುಟ್ಟಿನ ಪಾಪನಿವೇದನೆಯ ಸಾಮರ್ಥ್ಯವೂ ಕನ್ನಡ ನಾಡಿನ ಚರಿತ್ರೆಯಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ, ಟಿಪ್ಪುವಿನ ಕಾಲದಲ್ಲಿ ಬಲವಂತದಿಂದ ಮತ ಬದಲಿಸಿದ್ದ ಕ್ರೈಸ್ತರನ್ನು ಮತ್ತೆ ಸಂಘಟಿಸುವ ಕೆಲಸ ಬಿದ್ದುದು ಇದೇ ದುಬುವಾನ ಮೇಲೆ. ಪ್ರಾಣಭಯದಿಂದ ನಂಬಿಕೆ ಬಿಟ್ಟವರನ್ನು ಊರ ಮುಂದೆ ನಿಲ್ಲಿಸಿ ವಿಚಾರಿಸಿದರೆ ಒಂದು ಸಮುದಾಯ ಉಳಿಯುವುದು ಕಷ್ಟ. ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಸಾಕ್ಷಿಗಳೂ ತಪ್ಪಿತಸ್ಥರೂ ಆಗಿರುವಾಗ ವಿಚಾರಿಸುವ ಹಿರಿಯರು ಎಲ್ಲಿಂದ ಬರಬೇಕು? ಒಬ್ಬೊಬ್ಬನ ಮಾತನ್ನೂ ಗುಟ್ಟಾಗಿ ಕೇಳಿ, ಅದನ್ನು ಯಾರಿಗೂ ಹೇಳದಿರುವ ಕಟ್ಟಳೆಯುಳ್ಳ ವ್ಯವಸ್ಥೆಗೆ ಇಂತಹಲ್ಲಿ ವಿಶೇಷ ಬೆಲೆ ಬರುತ್ತದೆ. ದೈವದ ಕಟ್ಟೆಯು ಕೊಡಲಾಗದ ಮರ್ಯಾದೆಯನ್ನು ಅದು ಕೊಡುತ್ತದೆ.

ಸಮೀಪಿಸಿದ ದಾರಿಗಳು

ಇಪ್ಪತ್ತನೆಯ ಶತಮಾನದಲ್ಲಿ ಈ ಅಂತರ ಕಿರಿದಾಯಿತು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಆರಾಧನಾ ಕ್ರಮದಲ್ಲಿ ಸಾಮೂಹಿಕ ಪಾಪನಿವೇದನೆಗೂ ಸಭಾಪಾಲಕನ ಕ್ಷಮಾಘೋಷಣೆಗೂ ಸ್ಥಾನ ದೊರೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು (1962–65) ಮರಿಯಮ್ಮನ ಭಕ್ತಿಯಲ್ಲಿ ಅತಿರೇಕ ಸಲ್ಲದೆಂದು ಎಚ್ಚರಿಸಿತು. 1973ರ ಪರಿಷ್ಕೃತ ಕ್ರಮದಲ್ಲಿ ಕಥೋಲಿಕರ ಪ್ರಾಯಶ್ಚಿತ್ತ ಸಂಸ್ಕಾರಕ್ಕೂ ಸಾಮುದಾಯಿಕ ರೂಪವೊಂದು ಸೇರಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ದೇವರ ಕೃಪೆಯಿಂದ ಮನುಷ್ಯನು ನೀತಿವಂತನೆನಿಸುವ ತತ್ತ್ವದ ಬಗೆಗೆ ಜಂಟಿ ಘೋಷಣೆಗೆ ಸಹಿಮಾಡಿದರು. ಸಂತರ ಮೊರೆ, ಗುರುವಿನ ಅಧಿಕಾರಗಳ ಕುರಿತ ಭಿನ್ನಾಭಿಪ್ರಾಯಗಳು ಮಾತ್ರ ಉಳಿದೇ ಇವೆ.

ಹೀಗೆ, ಕಥೋಲಿಕ ಕ್ರಮವು ಜನಪದಕ್ಕೆ ಹತ್ತಿರವೆಂಬ ದುಬುವಾನ ಕಾಲದ ತೀರ್ಮಾನ ಅರ್ಧ ಸತ್ಯವೆನ್ನಬಹುದು. ಮನ್ನಣೆಯ ವಿಷಯದಲ್ಲಿ ಕಥೋಲಿಕರ ರೂಢಿ ಗದ್ದುಗೆ, ಜಾತ್ರೆಗಳ ಲೋಕಕ್ಕೆ ಸಮೀಪವಾಗಿದೆ. ಮನ್ನಿಸುವಿಕೆಯ ವಿಷಯದಲ್ಲಿ ಪ್ರಾಟೆಸ್ಟಂಟ್ ಸಭೆಯು ದೈವದ ಕಟ್ಟೆಗೆ ಸಮೀಪವಾಗಿದೆ. ಪ್ರತಿಯೊಂದು ಪಂಥವೂ ಒಂದೆಡೆ ಜನಪದವನ್ನು ಒಳಗೊಂಡು, ಇನ್ನೊಂದೆಡೆ ಅದಕ್ಕೆ ಇಲ್ಲದ ಒಂದನ್ನು ತಂದಿತು: ಒಂದು ಗುಟ್ಟನ್ನು ಕಾಯುವ ಕಿವಿಯನ್ನು, ಇನ್ನೊಂದು ಯಾರಿಗೂ ಎರಗಬೇಕಿಲ್ಲದ ನಿಲುವನ್ನು. ಕಾಲಿಗೆರಗುವುದು ಕಡ್ಡಾಯವಾಗಿದ್ದ ಸಮಾಜದಲ್ಲಿ ಕೆಳಗೆ ನಿಂತವನಿಗೆ ಈ ಎರಡನೆಯದು ಎಂತಹ ಬಿಡುಗಡೆಯಾಗಿರಬಹುದೆಂಬುದನ್ನು ಪ್ರತಿಮೆಯ ವಾದದಲ್ಲಿ ಮರೆಯಲಾಗದು. ಧರ್ಮಾಂತರದ ಅಧ್ಯಯನಗಳು ಸಾಮಾನ್ಯವಾಗಿ ಪೂಜೆ, ಪ್ರತಿಮೆಗಳ ಹೋಲಿಕೆಯಲ್ಲಿಯೇ ನಿಲ್ಲುತ್ತವೆ. ತಪ್ಪಿದವನನ್ನು ಮರಳಿ ಸೇರಿಸಿಕೊಳ್ಳುವ ರೀತಿಯನ್ನೂ ಅಷ್ಟೇ ಮುಖ್ಯವಾದ ಆಕರವೆಂದು ಪರಿಗಣಿಸಿದಾಗ ಕನ್ನಡ ಕ್ರೈಸ್ತ ಸಂಸ್ಕೃತಿಯ ಚಿತ್ರ ಹೆಚ್ಚು ಪೂರ್ಣವಾಗುತ್ತದೆ.