ಬೇಗ ಗಾಡಿ ಕಟ್ಟಿ

ಹೋದ ವರ್ಷ ಇಂಗ್ಲೆಂಡಿನಿಂದ ಮಗಳ ಫೋನು ಬಂತು. "ಅಮ್ಮಾ, ಇಲ್ಲಿ ನನ್ನನ್ನು ನೋಡಿಕೊಳ್ಳೋದು ಮಿಡ್‌ವೈಫು. ಎಲ್ಲ ಸರಿಯಿದ್ದರೆ ಹೆರಿಗೆಯೂ ಅವರ ಕೈಯಲ್ಲೇ. ಡಾಕ್ಟರು ಬೇಕಾದಾಗ ಮಾತ್ರ ಬರ್ತಾರೆ" ಎಂದಳು.

"ಅಷ್ಟು ಓದಿ, ಅಷ್ಟು ದೂರ ಹೋಗಿ, ಕೊನೆಗೆ ಸೂಲಗಿತ್ತಿ ಕೈಗೆ ಬಿದ್ದೆಯೇನೇ?" ಎಂದುಬಿಟ್ಟೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅದಕ್ಕೆ ಕಾರಣವಿತ್ತು.

ನನಗಾಗ ಎಂಟು ವರ್ಷ, 1978ನೇ ಇಸವಿ. ಮಧುಗಿರಿ ಕಡೆಯ ನಮ್ಮ ಅಜ್ಜಿಯ ಊರಿಗೆ ಚಿಕ್ಕಮ್ಮ ಚೊಚ್ಚಲ ಹೆರಿಗೆಗೆಂದು ಬಂದಿದ್ದಳು. ಸಂಜೆಗೆ ಮಗು ಹುಟ್ಟಿತು, ಅತ್ತಿತು. ಆದರೆ ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಅಜ್ಜಿ ಬಾಗಿಲಿಗೆ ಬಂದು, "ಇದು ನನ್ನ ಕೈ ಮೀರಿದ್ದು, ಬೇಗ ಗಾಡಿ ಕಟ್ಟಿ" ಎಂದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಕೊನೆಯ ಬಸ್ಸು ಹೋಗಿಯಾಗಿತ್ತು. ಎತ್ತು ಹೊಲದಿಂದ ಬರಬೇಕಿತ್ತು. ಗಂಡಸರು ಜಗಲಿಯಲ್ಲಿ ನಿಂತು ಯಾವ ಊರಿಗೆ ಒಯ್ಯುವುದೆಂದು ಚರ್ಚೆ ಮಾಡಿದರು. ಗಾಡಿ ಹಳ್ಳ ದಾಟುವ ಮೊದಲೇ ಚಿಕ್ಕಮ್ಮ ಹೋಗಿಬಿಟ್ಟಳು.

ಮರುದಿನದಿಂದ ಮನೆಯವರೆಲ್ಲ ಒಂದೇ ಮಾತು ಹೇಳಿದರು: ಸೂಲಗಿತ್ತಿಯ ಕೈಗುಣ ಸರಿಯಿಲ್ಲ. ಆ ಅಜ್ಜಿಯನ್ನು ಮತ್ತೆ ನಮ್ಮ ಮನೆಗೆ ಯಾರೂ ಕರೆಯಲಿಲ್ಲ. ನಾನೂ ಹಾಗೆಯೇ ನಂಬಿ ಬೆಳೆದೆ. ನನ್ನ ಎರಡೂ ಹೆರಿಗೆಗೆ ನೋವು ಬರುವ ಮೊದಲೇ ಆಸ್ಪತ್ರೆ ಸೇರಿದ್ದೆ.

ಮಗಳ ಮಾತು ಕೇಳಿದ ಮೇಲೆ ನಿದ್ದೆ ಬರಲಿಲ್ಲ. ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಇಂಗ್ಲೆಂಡಿನ ರಾಜರ ಇಸವಿಗಳು ಬಾಯಿಗೆ ಬರುತ್ತವೆ, ಆದರೆ ಅಲ್ಲಿಯ ಸೂಲಗಿತ್ತಿಯರ ಕಥೆ ಗೊತ್ತಿರಲಿಲ್ಲ. ಹುಡುಕಿ ಓದಲು ಕುಳಿತೆ.

ಓದಿದರೆ, ನೂರಿಪ್ಪತ್ತು ವರ್ಷದ ಹಿಂದೆ ಅವರದೂ ನಮ್ಮ ಹಾಗೆಯೇ ಇತ್ತು. ಬಡವರ ಮನೆಯ ಹೆರಿಗೆಗಳನ್ನು ನೆರೆಹೊರೆಯ ಅನುಭವಸ್ಥ ಹೆಂಗಸರು ಮಾಡಿಸುತ್ತಿದ್ದರು. ತರಬೇತಿ ಪಡೆದ ಕೆಲವು ಸೂಲಗಿತ್ತಿಯರು 1881ರಲ್ಲಿ ಸಂಘ ಕಟ್ಟಿಕೊಂಡು, ತಮ್ಮ ಕೆಲಸಕ್ಕೆ ಕಾನೂನಿನ ಮಾನ್ಯತೆ ಬೇಕೆಂದು ಕೇಳತೊಡಗಿದರು. ಅನೇಕ ವೈದ್ಯರು ವಿರೋಧಿಸಿದರು. ಇಪ್ಪತ್ತು ವರ್ಷ ಹೋರಾಡಿದ ಮೇಲೆ 1902ರಲ್ಲಿ ಮಿಡ್‌ವೈಫ್ ಕಾಯಿದೆ ಬಂತು. ತರಬೇತಿ, ಪರೀಕ್ಷೆ, ಪಟ್ಟಿಯಲ್ಲಿ ಹೆಸರು, ಮೇಲ್ವಿಚಾರಣೆ ಎಲ್ಲವೂ ಶುರುವಾದವು. ಹಳೆಯ ಸೂಲಗಿತ್ತಿಯರನ್ನೂ ಒಮ್ಮೆಗೇ ಹೊರಗೆ ಹಾಕಲಿಲ್ಲ. ಒಂದು ವರ್ಷವಾದರೂ ಕೆಲಸ ಮಾಡಿದ, ಒಳ್ಳೆಯ ನಡತೆಯ ಹೆಂಗಸರಿಗೂ ಪಟ್ಟಿಯಲ್ಲಿ ಜಾಗ ಕೊಟ್ಟರು.

ಸಹಜವಾದ ಹೆರಿಗೆ ಮಿಡ್‌ವೈಫಿನದು. ಏನಾದರೂ ಹೆಚ್ಚುಕಡಿಮೆ ಕಂಡರೆ ಆಕೆ ಡಾಕ್ಟರನ್ನು ಕರೆಸಲೇಬೇಕು. ಇದು ನಿಯಮ. ಆದರೆ ಬಂದ ಡಾಕ್ಟರಿಗೆ ಫೀಜು ಕೊಡುವವರು ಯಾರು? 1902ರ ಕಾಯಿದೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬಡವರ ಮನೆಗೆ ಡಾಕ್ಟರು ಬರಲು ಹಿಂದೆ ಮುಂದೆ ನೋಡಿದರೆ ಆಗುವ ಅನಾಹುತವನ್ನು ನೀವೇ ಊಹಿಸಿಕೊಳ್ಳಬಹುದು. ಕೊನೆಗೆ 1918ರ ಕಾಯಿದೆ, ಮಿಡ್‌ವೈಫು ಕರೆಸಿದ ಡಾಕ್ಟರಿಗೆ ಮೊದಲು ಸ್ಥಳೀಯ ಆಡಳಿತವೇ ಹಣ ಕೊಡಬೇಕು, ಶಕ್ತಿಯಿದ್ದ ಮನೆಯವರಿಂದ ಆಮೇಲೆ ವಸೂಲು ಮಾಡಿಕೊಳ್ಳಬೇಕು ಎಂದು ಗೊತ್ತುಮಾಡಿತು. 1936ರಲ್ಲಿ ಮಿಡ್‌ವೈಫುಗಳಿಗೆ ಸಂಬಳದ ಕೆಲಸದ ಏರ್ಪಾಡಾಯಿತು. 1948ರಿಂದ ಎಲ್ಲ ಸೇವೆಯೂ ಉಚಿತವಾಯಿತು.

ಇನ್ನೊಂದು ವಿಷಯ ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 1930ರ ದಶಕದಲ್ಲಿ ನ್ಯೂಕಾಸಲ್‌ನಂಥ ಊರುಗಳಲ್ಲಿ 'ಫ್ಲೈಯಿಂಗ್ ಸ್ಕ್ವಾಡ್' ಎಂಬ ತಂಡಗಳು ಹುಟ್ಟಿಕೊಂಡವು. ಬಾಣಂತಿಗೆ ರಕ್ತ ನಿಲ್ಲುತ್ತಿಲ್ಲ, ಮಾಸು ಬೀಳುತ್ತಿಲ್ಲ ಎಂದು ಸುದ್ದಿ ಹೋದರೆ ಸಾಕು, ತಜ್ಞ ಡಾಕ್ಟರು ಮತ್ತು ನರ್ಸು ರಕ್ತ ಕೊಡುವ ಸಲಕರಣೆಯ ಸಮೇತ ಆ ಮನೆಗೇ ಬರುತ್ತಿದ್ದರು. ಆ ಸ್ಥಿತಿಯಲ್ಲಿ ಹೆಂಗಸನ್ನು ಗಾಡಿಯಲ್ಲಿ ಕುಲುಕಾಡಿಸಿ ಒಯ್ಯುವುದೇ ಅಪಾಯವೆಂದು ಅವರಿಗೆ ತಿಳಿದಿತ್ತು. ನಮ್ಮ ಚಿಕ್ಕಮ್ಮ ಸತ್ತದ್ದು ಇದಾಗಿ ನಲವತ್ತು ವರ್ಷಗಳ ಮೇಲೆ, ಅದೇ ಕಾರಣಕ್ಕೆ.

1970ರಲ್ಲಿ ಅಲ್ಲಿಯ ಸರ್ಕಾರಿ ಸಮಿತಿಯೊಂದು ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲೇ ಆಗಬೇಕೆಂದಿತು. ಮನೆಯ ಹೆರಿಗೆಗಳು ಬಹುಮಟ್ಟಿಗೆ ನಿಂತೇಹೋದವು. ಕ್ರಮೇಣ ಹೆಂಗಸರು, ನಮ್ಮ ಮಾತನ್ನೂ ಕೇಳಿ ಎಂದು ದನಿ ಎತ್ತಿದರು. 1993ರ ವರದಿಯೊಂದು ಬಸುರಿಯ ಆಯ್ಕೆಗೆ ಬೆಲೆ ಕೊಡಬೇಕೆಂದಿತು. 2011ರಲ್ಲಿ ಇಂಗ್ಲೆಂಡಿನ ಅರವತ್ತನಾಲ್ಕು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿದ ದೊಡ್ಡ ಅಧ್ಯಯನ ಹೊರಬಂತು. ತೊಡಕಿಲ್ಲದ ಬಸುರಿಯರಿಗೆ ಮಿಡ್‌ವೈಫುಗಳ ಹೆರಿಗೆ ಕೇಂದ್ರದಲ್ಲಿ ಶಸ್ತ್ರಚಿಕಿತ್ಸೆ ಕಡಿಮೆ, ಮಗುವಿಗೆ ಹೆಚ್ಚಿನ ಅಪಾಯವೂ ಕಂಡುಬರಲಿಲ್ಲ. ಆದರೆ ಚೊಚ್ಚಲ ಹೆರಿಗೆಯನ್ನು ಮನೆಯಲ್ಲೇ ಮಾಡಿಕೊಳ್ಳಲು ಹೊರಟವರಲ್ಲಿ ಮಗುವಿಗೆ ಅಪಾಯ ಸ್ವಲ್ಪ ಹೆಚ್ಚಿತ್ತು. ಇನ್ನೊಂದು ಮಾತೂ ಅದರಲ್ಲಿತ್ತು: ಆಸ್ಪತ್ರೆಗೆ ಹೊಂದಿಕೊಂಡ ಮಿಡ್‌ವೈಫ್ ಕೇಂದ್ರದಲ್ಲಿ ಹೆರಿಗೆಗೆ ನಿಂತ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ ನಲವತ್ತು ಮಂದಿಯನ್ನು ಡಾಕ್ಟರ ವಾರ್ಡಿಗೆ ಕಳಿಸಬೇಕಾಯಿತು.

ನಲವತ್ತು! ನಾನು ಗಾಬರಿಯಿಂದ ಮಗಳಿಗೆ ಫೋನು ಮಾಡಿದೆ. "ಗೊತ್ತಮ್ಮ. ಅವರೇ ಮೊದಲು ಹೇಳಿದರು. ಅದಕ್ಕೇ ಮನೆ ಬೇಡವೆಂದು, ಡಾಕ್ಟರ ವಾರ್ಡಿನ ಪಕ್ಕದಲ್ಲೇ ಇರುವ ಕೇಂದ್ರ ಆರಿಸಿಕೊಂಡೆ" ಎಂದಳು. ನನಗಿಂತ ಅವಳೇ ಹೆಚ್ಚು ಲೆಕ್ಕ ಹಾಕಿದ್ದಳು.

ಅಂಟಿನುಂಡೆ, ಮೆಣಸಿನಪುಡಿ, ಹಳೆಯ ಪಂಚೆಗಳನ್ನು ಕಟ್ಟಿಕೊಂಡು ಬಾಣಂತನಕ್ಕೆ ಹೋದೆ. ನೋವು ಬಂದ ರಾತ್ರಿಯೆಲ್ಲ ಒಬ್ಬಳೇ ಮಿಡ್‌ವೈಫು ಅವಳ ಜೊತೆಗಿದ್ದಳು. ಬೆನ್ನು ನೀವಿದಳು, ನಡೆದಾಡಿಸಿದಳು, ಆಗಾಗ ಮಗುವಿನ ಎದೆಬಡಿತ ಕೇಳಿದಳು. ನನ್ನ ಹೆರಿಗೆಗಳಲ್ಲಿ ಹೀಗೆ ನನ್ನ ಕೈ ಹಿಡಿದು ಯಾರೂ ಕೂತಿರಲಿಲ್ಲ; ಕೂಗಿದ್ದಕ್ಕೆ ಗದರಿಸಿಕೊಂಡದ್ದು ಮಾತ್ರ ನೆನಪಿದೆ. ಬೆಳಗಿನ ಜಾವ ಮಗುವಿನ ಎದೆಬಡಿತ ನಿಧಾನವಾಯಿತು. ಆಕೆ ಎರಡನೆಯ ಸಲ ಕೇಳಿದಳು, ಎದ್ದು ನಿಂತಳು. ಡಾಕ್ಟರ ಹತ್ತಿರ ಹೋಗೋಣ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. ನನಗೆ ಕೇಳಿಸಿದ್ದು ಕನ್ನಡದಲ್ಲಿ: ಇದು ನನ್ನ ಕೈ ಮೀರಿದ್ದು, ಬೇಗ ಗಾಡಿ ಕಟ್ಟಿ.

ಇಲ್ಲಿ ಯಾರೂ ಚರ್ಚೆ ಮಾಡಲಿಲ್ಲ. ಒಂದು ಓಣಿ, ಒಂದು ಬಾಗಿಲು, ಅದರಾಚೆ ಡಾಕ್ಟರು ಸಿದ್ಧವಾಗಿದ್ದರು. ಅರ್ಧ ಗಂಟೆಯೊಳಗೆ ಮೊಮ್ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಕ್ಷೇಮ.

ನಮ್ಮಲ್ಲೂ ಕಾಲ ಬದಲಾಗಿದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. 2008ರಿಂದ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡುತ್ತಿದೆ. ಸಾವಿರಾರು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ತರಬೇತಾದ ಮಿಡ್‌ವೈಫುಗಳನ್ನು ಸಿದ್ಧಪಡಿಸಲು ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದ್ದೂ ಆ ತಿಂಗಳಲ್ಲೇ.

ಊರಿಗೆ ಮರಳಿದ ಮೇಲೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಎಂಬತ್ತರ ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಅವಳು ಹೇಳಿದ್ದಳು ಕಣೇ, ಹೊತ್ತಿಗೆ ಸರಿಯಾಗಿಯೇ ಹೇಳಿದ್ದಳು. ನಾವೇ ತಡ ಮಾಡಿದ್ದು" ಎಂದಳು. ಆ ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಅವಳ ಮೊಮ್ಮಗ ಈಗಲೂ ಅದೇ ಊರಿನಲ್ಲಿದ್ದಾನೆ. ಮುಂದಿನ ಜಾತ್ರೆಗೆ ಹೋದಾಗ ಅವನ ಮನೆಗೆ ಹೋಗಿ, ಅಮ್ಮ ಆಡಿದ ಈ ಮಾತನ್ನು ಹೇಳಿ ಬರಬೇಕೆಂದಿದ್ದೇನೆ.