ಕಿಟಕಿಯೇ ಬೇರೆ, ಲೆನ್ಸೇ ಬೇರೆ

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಲೆನ್ಸಿನ ಮುಚ್ಚಳ ತೆಗೆಯದೆ ರೋಲ್‌ಗಟ್ಟಲೆ ಕ್ಲಿಕ್ಕಿಸಿಬಿಡಬಹುದು, ಗೊತ್ತೇ ಆಗಲ್ಲ. ಯಾಕಂದ್ರೆ ಇಲ್ಲಿ ನಾವು ನೋಡೋದು ಲೆನ್ಸಿನ ಮೂಲಕ ಅಲ್ಲ, ಮೂಲೆಯಲ್ಲಿರೋ ಪುಟ್ಟ ಗಾಜಿನ ಕಿಟಕಿಯ ಮೂಲಕ.

ಹಾಗಾದ್ರೆ ಚಿತ್ರದಲ್ಲಿ ಎಷ್ಟು ಬರುತ್ತೆ ಅಂತ ತಿಳಿಯೋದು ಹೇಗೆ? 1954ರಲ್ಲಿ ಜರ್ಮನಿಯಿಂದ ಬಂದ ಲೈಕಾ ಎಂ3 ಚಂದದ ಉತ್ತರ ಕೊಟ್ಟಿತು. 50, 90, 135 ಮಿ.ಮೀ. ಲೆನ್ಸುಗಳಲ್ಲಿ ಯಾವುದನ್ನು ಸಿಕ್ಕಿಸಿದರೂ ಅದಕ್ಕೆ ತಕ್ಕ ಬಿಳಿ ಗೆರೆಗಳ ಚೌಕಟ್ಟು ಕಿಟಕಿಯಲ್ಲಿ ತಾನಾಗಿ ಮೂಡುತ್ತಿತ್ತು. ಚೌಕಟ್ಟಿನ ಆಚೆಗಿನ ಬೀದಿಯೂ ಕಾಣುತ್ತಿತ್ತು. ಯಾರು ಚಿತ್ರದೊಳಕ್ಕೆ ನಡೆದು ಬರ್ತಿದ್ದಾರೆ ಅನ್ನೋದು ಮೊದಲೇ ತಿಳಿಯೋದು. ಬೀದಿಯ ಫೋಟೋ ತೆಗೆಯೋರಿಗೆ ಇನ್ನೇನು ಬೇಕು?

ಈ ಗೆರೆಗಳೆಲ್ಲ 24×36 ಮಿ.ಮೀ. ಫಿಲ್ಮಿನ ಲೆಕ್ಕದವು. ಡಿಜಿಟಲ್ ಬಂದಾಗ ಲೆಕ್ಕ ತಪ್ಪಿತು. ರೇಂಜ್‌ಫೈಂಡರ್‌ನಲ್ಲಿ ಕನ್ನಡಿ ಇಲ್ಲದ್ದರಿಂದ ಲೆನ್ಸಿನ ಹಿಂಭಾಗ ಸೆನ್ಸರ್‌ಗೆ ತೀರ ಹತ್ತಿರ. ಅಂಚುಗಳಿಗೆ ಬೆಳಕು ಓರೆಯಾಗಿ ಬೀಳುತ್ತೆ. ಫಿಲ್ಮ್ ಅದನ್ನು ಸಹಿಸಿಕೊಂಡಿತ್ತು, ಸೆನ್ಸರ್ ಸಹಿಸಲಿಲ್ಲ. ಹಾಗಾಗಿ ಸೆನ್ಸರನ್ನೇ ಚಿಕ್ಕದು ಮಾಡಿದರು. 2004ರ ಎಪ್ಸನ್ ಆರ್‌-ಡಿ1ರಲ್ಲಿ ಕ್ರಾಪ್ ಸುಮಾರು 1.5. 2006ರ ಲೈಕಾ ಎಂ8ರಲ್ಲಿ ಸೆನ್ಸರ್ 18×27 ಮಿ.ಮೀ., ಕ್ರಾಪ್ 1.33.

ಎಸ್‌ಎಲ್‌ಆರ್‌ನವರಿಗೆ ಇದು ಅಷ್ಟು ತಲೆನೋವಲ್ಲ. ನೋಡೋದು ಲೆನ್ಸಿನ ಮೂಲಕವೇ ಆದ್ದರಿಂದ ಕತ್ತರಿಸಿದ ನೋಟವೇ ಕಣ್ಣಿಗೂ ಕಾಣುತ್ತೆ. ಇಲ್ಲಿ ಕಿಟಕಿಗೆ ಸೆನ್ಸರಿನ ಸುದ್ದಿಯೇ ಗೊತ್ತಿಲ್ಲ! ಗೆರೆಗಳನ್ನೇ ಹೊಸದಾಗಿ ಎಳೆಯಬೇಕಾಯ್ತು. ಎಪ್ಸನ್ 28, 35, 50ರ ಚೌಕಟ್ಟುಗಳನ್ನು ಕೊಟ್ಟು, ಕೈಯಿಂದಲೇ ಬದಲಿಸಿಕೊಳ್ಳಿ ಅಂದಿತು. ಲೈಕಾ 24 ಮತ್ತು 35, 28 ಮತ್ತು 90, 50 ಮತ್ತು 75 ಅಂತ ಜೋಡಿ ಮಾಡಿತು. ಎಂ8ರ ಗೆರೆಗಳು 0.7 ಮೀಟರ್ ದೂರಕ್ಕೆ ಸರಿಹೊಂದಿಸಿದವು. ದೂರದ ದೃಶ್ಯಕ್ಕೆ ಹಿಡಿದರೆ, ಚೌಕಟ್ಟಿನಾಚೆ ಇದ್ದದ್ದೂ ಚಿತ್ರದೊಳಗೆ ಬಂದು ಕೂರುತ್ತಿತ್ತು. 2008ರ ಎಂ8.2ರಲ್ಲಿ ಅದನ್ನು 2 ಮೀಟರಿಗೆ ತಿದ್ದಿದರು.

ಆದರೆ ಗೆರೆ ತಿದ್ದಿದರೆ ಅಭ್ಯಾಸ ತಿದ್ದಿದ ಹಾಗಾಗುತ್ತಾ? ವರ್ಷಗಟ್ಟಲೆ 35ರ ಲೆನ್ಸಿನಲ್ಲೇ ನೋಡಿದವರಿಗೆ ಎಷ್ಟು ದೂರ ನಿಂತರೆ ಏನು ಸಿಗುತ್ತೆ ಅನ್ನೋದು ಕಾಲಿಗೇ ಗೊತ್ತಿರುತ್ತೆ. ಎಂ8ರಲ್ಲಿ ಅದೇ ಲೆನ್ಸು 47ರಂತೆ ನೋಡತೊಡಗಿತು. ಹಳೇ ನೋಟ ಬೇಕಂದ್ರೆ 28 ಕೊಳ್ಳಬೇಕು. 28ರ ನೋಟ ಬೇಕಂದ್ರೆ 21 ಕೊಂಡು, ಕ್ಯಾಮೆರಾ ತಲೆ ಮೇಲೆ ಇನ್ನೊಂದು ಕಿಟಕಿ ಸಿಕ್ಕಿಸಬೇಕು.

2009ರಲ್ಲಿ ಎಂ9 ಪೂರ್ತಿ 24×36ರ ಸೆನ್ಸರ್ ಹೊತ್ತು ಬಂತು. ಹೊಸ ಕ್ಯಾಮೆರಾ ಬಂದಾಗ ಹೊಸತೇನಿದೆ ಅಂತ ಕೇಳೋದು ವಾಡಿಕೆ. ಎಂ9 ಕೊಂಡವರಿಗೆ ಸಿಕ್ಕ ದೊಡ್ಡ ಖುಷಿ ಮಾತ್ರ ಹಳೇದು: 35 ಮತ್ತೆ 35 ಆಯ್ತು, ಕಾಲಿನ ಲೆಕ್ಕ ಸರಿಹೋಯ್ತು.