ಪಕ್ಕದ ಮನೆಯ ಹೆಪ್ಪು

ಕೊಪ್ಪಳದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 2015ರಲ್ಲಿ. ಅಂಥ ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲಿ ನೋಡಲೇಬೇಕಾದ್ದು ಅಂಗೈಯಗಲದ ಒಂದು ತಟ್ಟೆ. ತಿಳಿಹಳದಿ ಜೆಲ್ಲಿ, ಅದರ ಮೇಲೆ ರೋಗಿಯ ಕೀವಿನಿಂದಲೋ ಮೂತ್ರದಿಂದಲೋ ತೆಗೆದು ಬೆಳೆಸಿದ ಬ್ಯಾಕ್ಟೀರಿಯಾದ ಮಬ್ಬು ಪದರ, ನಡುನಡುವೆ ಕಾಗದದ ಬಿಳಿ ಬಿಲ್ಲೆಗಳು. ಒಂದೊಂದು ಬಿಲ್ಲೆಗೆ ಒಂದೊಂದು ಆ್ಯಂಟಿಬಯೋಟಿಕ್ ಹೀರಿಸಿರುತ್ತಾರೆ. ಔಷಧ ನಾಟಿದರೆ ಬಿಲ್ಲೆಯ ಸುತ್ತ ತಿಳಿಯಾದ ವರ್ತುಲ ಮೂಡುತ್ತದೆ. ನಾಟದಿದ್ದರೆ ಮಬ್ಬು ಬಿಲ್ಲೆಯ ಅಂಚಿಗೇ ಬಂದು ಕೂತಿರುತ್ತದೆ. 1966ರಲ್ಲಿ ಬಾಯರ್, ಕಿರ್ಬಿ ಮತ್ತು ಸಂಗಡಿಗರು ಅಳತೆ ಗೊತ್ತುಮಾಡಿಕೊಟ್ಟ ಪದ್ಧತಿ ಇದು. ಆಸ್ಪತ್ರೆ ಸೋಂಕಿನ ಚರಿತ್ರೆಯನ್ನು ಈ ವರ್ತುಲಗಳು ಒಂದೊಂದಾಗಿ ಮುಚ್ಚಿಕೊಂಡ ಬಗೆಯಲ್ಲೇ ಓದಬಹುದು.

ಮೊದಲು ಮುಚ್ಚಿದ್ದು ಪೆನಿಸಿಲಿನ್‌ನ ವರ್ತುಲ. 1928ರಲ್ಲಿ ಅದನ್ನು ಕಂಡ ಫ್ಲೆಮಿಂಗ್, 1945ರ ನೊಬೆಲ್ ಭಾಷಣದಲ್ಲೇ ಅರೆಬರೆ ಪ್ರಮಾಣದಲ್ಲಿ ತೆಗೆದುಕೊಂಡರೆ ಬ್ಯಾಕ್ಟೀರಿಯಾ ಪಳಗಿಬಿಡುತ್ತದೆ ಎಂದು ಎಚ್ಚರಿಸಿದ್ದ. ಅದೇ ದಶಕ ಮುಗಿಯುವ ಮೊದಲೇ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಪೆನಿಸಿಲಿನ್‌ಗೆ ಬಗ್ಗದ ಸ್ಟೆಫಿಲೊಕಾಕಸ್ ಹೆಚ್ಚುತ್ತಿರುವುದನ್ನು ಮೇರಿ ಬಾರ್ಬರ್ ಗುರುತಿಸಿದರು. ನಮ್ಮ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಸ್ಥಾಪನೆಯಾದದ್ದು 1954ರಲ್ಲಿ. ದೇಶದ ಸ್ವಂತ ಪೆನಿಸಿಲಿನ್ ಕೈಗೆ ಬರುವ ಹೊತ್ತಿಗೆ ಅದರ ಹಲ್ಲು ಬೇರೆಡೆ ಅಷ್ಟಿಷ್ಟು ಮುರಿದಾಗಿತ್ತು. 1959ರಲ್ಲಿ ಮೆಥಿಸಿಲಿನ್ ಬಂತು, 1961ರಲ್ಲಿ ಅದಕ್ಕೂ ಜಗ್ಗದ ತಳಿ ಇಂಗ್ಲೆಂಡಿನಲ್ಲಿ ಸಿಕ್ಕಿತು. ಅದೇ ಇಂದಿನ ಎಂಆರ್‌ಎಸ್‌ಎ. ನಡುವೆ ಎರಡೇ ವರ್ಷ.

ಆಮೇಲಿನ ಕಾಳಗ ಕರುಳಿನ ಜೀವಿಗಳಾದ ಕ್ಲೆಬ್ಸಿಯೆಲ್ಲಾ, ಇ. ಕೊಲೈಗಳದು. 1983ರ ಹೊತ್ತಿಗೆ ಜರ್ಮನಿಯಲ್ಲಿ ಹೊಸ ಸೆಫಲೋಸ್ಪೊರಿನ್‌ಗಳನ್ನೇ ತುಂಡರಿಸುವ ಕಿಣ್ವ ಪತ್ತೆಯಾಯಿತು. ಅದರ ಎದುರು ನಿಂತವು ಕಾರ್ಬಪೆನೆಮ್ ಎಂಬ ಔಷಧಗಳು. 2008ರಲ್ಲಿ ಸ್ವೀಡನ್ನಿನ ವೈದ್ಯರು ಭಾರತಕ್ಕೆ ಬಂದು ಹೋಗಿದ್ದ ರೋಗಿಯೊಬ್ಬನ ಮೂತ್ರದ ಕ್ಲೆಬ್ಸಿಯೆಲ್ಲಾದಲ್ಲಿ ಕಾರ್ಬಪೆನೆಮ್ಮನ್ನೂ ಒಡೆಯುವ ಕಿಣ್ವ ಕಂಡರು, 2009ರಲ್ಲಿ ಅದಕ್ಕೆ ಎನ್‌ಡಿಎಂ-1 ಎಂದು ಹೆಸರಾಯಿತು. ‘ಎನ್‌ಡಿ’ ಎಂದರೆ ನವದೆಹಲಿ. ಮರುವರ್ಷ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಲೇಖನ ಬಂದಾಗ ಸರಕಾರ ಸಿಡಿದದ್ದು ಹೆಸರಿನ ಮೇಲೆ. ಹೆಸರು ಚುಚ್ಚಿದ್ದು ನಿಜ. ಆದರೆ ಆ ಜೀವಿ ನಮ್ಮ ವಾರ್ಡುಗಳಲ್ಲಿ ಎಷ್ಟಿದೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಸರಿಯಿತು ಎಂದೇ ನನ್ನ ಅನಿಸಿಕೆ.

ಎನ್‌ಡಿಎಂ ಅಷ್ಟು ಬೇಗ ಹಬ್ಬಿದ್ದು ಹೇಗೆ? ಅದರ ಜೀನ್ ಇರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯ ಮೇಲೆ. ಅದನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ, ದಾಟಿಸಬಲ್ಲದು. ಯಲಬುರ್ಗಾದ ಓಣಿಯಲ್ಲಿ ಗೋಡೆಯಾಚೆಯಿಂದ ಒಂದು ಚಮಚ ಹೆಪ್ಪು ಇಸಿದುಕೊಂಡ ಹಾಗೆ. ಕೊಟ್ಟವರಿಗೆ ಕಡಿಮೆಯಾಗುವುದಿಲ್ಲ, ತಂದವರ ಗಡಿಗೆ ಬೆಳಗಾಗುವುದರೊಳಗೆ ಗಟ್ಟಿ.

ಹೊಸ ಔಷಧ ಕಾಣದೆ ವೈದ್ಯರು ಹಳೆಯದರ ಕಡೆ ತಿರುಗಿದರು. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂದು ಮೂಲೆಗೆ ಸರಿಸಿದ್ದ ಕೊಲಿಸ್ಟಿನ್ ಮತ್ತೆ ಐಸಿಯುಗೆ ಬಂತು. 2015ರಲ್ಲಿ ಚೀನಾದಿಂದ ಅದಕ್ಕೂ ಪ್ಲಾಸ್ಮಿಡ್ ಮೇಲಿನ ಪ್ರತಿರೋಧದ ವರದಿ ಬಂತು. 2019ರಲ್ಲಿ ಭಾರತ ಕೋಳಿ, ದನಕರುಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಪ್ರಕಾರ ಮೇಲುದರ್ಜೆಯ ಆ್ಯಂಟಿಬಯೋಟಿಕ್ ಮಾರುವ ಔಷಧಿ ಅಂಗಡಿಯವರು ಬರೆದ ವೈದ್ಯರ, ಒಯ್ದ ರೋಗಿಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು.

ನಮ್ಮ ಸೀಮೆಯ ಮಾತು ಬೇರೆ. ಜ್ವರ ಬಂದವರು ಮೊದಲು ಕಾಣುವುದು ಊರಿನ ಆರ್‌ಎಂಪಿಯನ್ನ. “ಜೋರು ಸೂಜಿ ಮಾಡ್ರಿ ಡಾಕ್ಟರ್ರ, ನಾಳಿ ನಾಟಿ ಐತಿ” ಎಂದು ಗಂಗಾವತಿ ಕಡೆಯ ರೈತ ಕೇಳಿದರೆ ಅದು ಅಜ್ಞಾನವಲ್ಲ. ಕಾಲುವೆ ನೀರು ಯಾರ ಜ್ವರಕ್ಕೂ ಕಾಯುವುದಿಲ್ಲ. ಜೋರು ಸೂಜಿ ಎಂದರೆ ಬಹುಪಾಲು ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್, ಯಾವ ಜೀವಿ ಎಂದು ತಿಳಿಯುವ ಮೊದಲೇ. ತಿಳಿಯಲು ತಟ್ಟೆ ಬೇಕು. ಸರಕಾರಿ ವೈದ್ಯಕೀಯ ಕಾಲೇಜಿನ ತಟ್ಟೆ ಹುಬ್ಬಳ್ಳಿಯಲ್ಲಿ 1957ರಿಂದ, ಬಳ್ಳಾರಿಯಲ್ಲಿ 1961ರಿಂದ ಇತ್ತು. ರಾಯಚೂರಿಗೆ ಬಂದದ್ದು 2007ರಲ್ಲಿ. ಕೊಪ್ಪಳ 1997ರಲ್ಲಿ ಜಿಲ್ಲೆಯಾದರೂ ಕಾಲೇಜಿಗೆ 18 ವರ್ಷ ಕಾಯಿತು. ಕುಷ್ಟಗಿಯವರು ಈಗಲೂ ಕೈಮೀರಿದಾಗ ಬಾಗಲಕೋಟೆಗೋ ಹುಬ್ಬಳ್ಳಿಗೋ ಗಾಡಿ ಕಟ್ಟುತ್ತಾರೆ. ರೋಗಿ ದೊಡ್ಡ ಆಸ್ಪತ್ರೆ ಮುಟ್ಟುವಾಗ ಮೈಯಲ್ಲಿ ಎರಡು ಮೂರು ಬಗೆಯ ಔಷಧ ಇಳಿದಿರುತ್ತದೆ, ಕೈಯಲ್ಲಿ ಸಲಾಯಿನ್ ಸೂಜಿ ಇರುತ್ತದೆ.

ಆ ಸೂಜಿಯನ್ನು ಹತ್ತಿರದಿಂದ ನೋಡಬೇಕು. ಅದರ ಮೇಲಿನ ಪ್ಲಾಸ್ಟರಿನಲ್ಲಿ ಹಾಕಿದ ದಿನಾಂಕ ಪೆನ್ನಿನಲ್ಲಿ ಬರೆದಿರಬೇಕು. ದಿನಾಂಕವಿಲ್ಲದ, ಅಂಚು ಕಪ್ಪಾಗಿ ಎದ್ದ ಪ್ಲಾಸ್ಟರು ರಕ್ತನಾಳಕ್ಕೆ ತೆರೆದ ಬಾಗಿಲು. ಮೂತ್ರದ ನಳಿಗೆ, ವೆಂಟಿಲೇಟರಿನ ಕೊಳವೆ ಇಂಥವೇ ಇನ್ನೆರಡು ಬಾಗಿಲು. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಮಂಚದ ಕಂಬಿಯ ಮೇಲೂ ವಾರಗಟ್ಟಲೆ ಜೀವ ಹಿಡಿದಿರುತ್ತದೆ. ಅದನ್ನು ಒಂದು ಮಂಚದಿಂದ ಇನ್ನೊಂದಕ್ಕೆ ಒಯ್ಯುವುದು ಹೆಚ್ಚಾಗಿ ತೊಳೆಯದ ಕೈ. ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಕೈ ತೊಳೆಸಿ ಬಾಣಂತಿಯರ ಸಾವು ಇಳಿಸಿದ್ದು 1847ರಲ್ಲಿ, ಬ್ಯಾಕ್ಟೀರಿಯಾ ರೋಗಕ್ಕೆ ಕಾರಣ ಎಂಬುದೇ ಇನ್ನೂ ಗೊತ್ತಿರದಿದ್ದ ಕಾಲದಲ್ಲಿ. ಒಬ್ಬ ನರ್ಸಮ್ಮನಿಗೆ ಹತ್ತಾರು ಮಂಚ ವಹಿಸಿ, ನಲ್ಲಿಯನ್ನು ವಾರ್ಡಿನ ಆ ತುದಿಯಲ್ಲಿಟ್ಟು, ಕೈ ತೊಳೆಯಲಿಲ್ಲವೆಂದು ಆಕೆಯನ್ನೇ ದೂರುವುದು ಸರಿಯಲ್ಲ.

2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವಿಗೆ ಪ್ರತಿರೋಧಿ ಬ್ಯಾಕ್ಟೀರಿಯಾ ನೇರ ಕಾರಣವೆಂದು 2022ರ ಲ್ಯಾನ್ಸೆಟ್ ಅಧ್ಯಯನ ಅಂದಾಜು ಮಾಡಿತು. ಅಂಥ ಅಂದಾಜಿಗೆ ಒಂದು ಸಾವು ಸರಿಯಾಗಿ ಸೇರಬೇಕಾದರೆ ಎಲ್ಲೋ ಒಂದು ತಟ್ಟೆಯಲ್ಲಿ ಆ ಜೀವಿ ಬೆಳೆದಿರಬೇಕು. ರಕ್ತವನ್ನು ಮೊದಲ ಆ್ಯಂಟಿಬಯೋಟಿಕ್ ಏರಿಸುವ ಮುನ್ನವೇ ತೆಗೆಯಬೇಕು. ಏರಿಸಿದ ಮೇಲೆ ತೆಗೆದರೆ ಸೋಂಕು ಮೈಯಲ್ಲಿದ್ದರೂ ತಟ್ಟೆ ಖಾಲಿ ಉಳಿಯಬಹುದು. ಮೊದಲೇ ತೆಗೆದರೂ ವರದಿಗೆ ಎರಡು ಮೂರು ದಿನ ಬೇಕು, ಅಷ್ಟರಲ್ಲಿ ಎಷ್ಟೋ ಮನೆಯವರು ಖರ್ಚಿಗೆ ಹೆದರಿ ರೋಗಿಯನ್ನು ಊರಿಗೆ ಕರೆದುಕೊಂಡು ಹೋಗಿರುತ್ತಾರೆ. ವರ್ತುಲಗಳ ಅಳತೆ ಬರೆದ ಚೀಟಿ ಪ್ರಯೋಗಾಲಯದ ಕಿಟಕಿಯಲ್ಲೇ ಉಳಿಯುತ್ತದೆ.